ಮುಂಬಾಗಿಲಲ್ಲಿ ಕೇಳದ ಪ್ರಶ್ನೆ ಒಳದಾರಿಯಲ್ಲಿ ಯಾಕೆ?

ಚಿಕ್ಕಮಗಳೂರಿನ ಐ.ಜಿ. ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ನನ್ನ ರಿಪೇರಿ ಅಂಗಡಿಗೆ ಜನ ತರುವುದು ಚಾರ್ಜ್ ಆಗದ ಲ್ಯಾಪ್‌ಟಾಪು, ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದ ಕೀಬೋರ್ಡು, ಇರುವೆ ಗೂಡು ಮಾಡಿದ ಪ್ರಿಂಟರು. ಕಳೆದ ಆಷಾಢದಲ್ಲಿ ಬಂದ ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಮಾತ್ರ ಲ್ಯಾಪ್‌ಟಾಪಿನ ಜೊತೆಗೆ ಒಂದು ಗೆರೆ ನೋಟ್‌ಬುಕ್ಕನ್ನೂ ತಂದಿದ್ದರು. ಕೊಡೆಯನ್ನು ಮೂಲೆಗೆ ನಿಲ್ಲಿಸಿ, ಕನ್ನಡಕ ಒರೆಸಿಕೊಂಡು, ಪುಟ ತೆಗೆದು ಟೇಬಲ್ಲಿನ ಮೇಲಿಟ್ಟರು. ಪೆನ್ಸಿಲ್ಲಿನಲ್ಲಿ ಎಳೆದ ಎರಡು ಕಾಲಂ. ಒಂದರ ತಲೆಯ ಮೇಲೆ ‘ಮುಖಪುಟ’, ಇನ್ನೊಂದರ ಮೇಲೆ ‘ಶಾರ್ಟ್‌ಕಟ್’. ಎರಡರ ಕೆಳಗೂ ಹತ್ತತ್ತು ಸಾಲು. ಮುಖಪುಟದ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೆ ಸೊನ್ನೆ. ಶಾರ್ಟ್‌ಕಟ್ಟಿನದ್ದರಲ್ಲಿ ‘ಬಸ್ಸು’, ‘ಮೆಟ್ಟಿಲು’, ‘ಬಸ್ಸು’, ‘ಸಿಗ್ನಲ್ ದೀಪ, ಎರಡು ಸಲ’, ‘ಸೇತುವೆ’... ಹೀಗೆ.

“ನೋಡು ಮಾರಾಯ, ಅದೇ ಸೈಟು, ಅದೇ ಪದ, ಅದೇ ಕಂಪ್ಯೂಟರು. ಮುಂಬಾಗಿಲಿಂದ ಹೋಗಿ ಹುಡುಕಿದ್ರೆ ಏನೂ ಕೇಳಲ್ಲ. ನೀನು ಹೇಳಿಕೊಟ್ಟ ದಾರೀಲಿ ಹೋದ್ರೆ ಪ್ರತಿ ಸಲ ನಾನು ಮನುಷ್ಯ ಅಂತ ಸಾಬೀತು ಮಾಡ್ಬೇಕು. ಜೀವಮಾನ ಪೂರ್ತಿ ಬೇರೆಯವರಿಗೆ ಪರೀಕ್ಷೆ ಕೊಟ್ಟ ಪಾಪ ಇರ್ಬೇಕು ಇದು.”

ಬಸ್ಸು, ಮೆಟ್ಟಿಲು ಇರುವ ಚೌಕಗಳನ್ನು ಒತ್ತಿಸಿ, ಬಂದವರು ಯಂತ್ರವಲ್ಲ ಅಂತ ಖಚಿತ ಮಾಡಿಕೊಳ್ಳುವ ಕ್ಯಾಪ್ಚಾ ಎಂಬ ಪರೀಕ್ಷೆಯ ಲೆಕ್ಕ ಅದು. ಶಾರ್ಟ್‌ಕಟ್ ಕಲಿಸಿದವನು ನಾನೇ. ಗಿಡಗಳ ಲ್ಯಾಟಿನ್ ಹೆಸರು ಹುಡುಕುವ ಒಂದು ಸೈಟನ್ನು ಅವರು ದಿನಕ್ಕೆ ಇಪ್ಪತ್ತು ಸಲ ತೆರೆಯುತ್ತಾರೆ. ಪ್ರತಿ ಸಲ ಮುಖಪುಟ ಲೋಡ್ ಆಗುವವರೆಗೆ ಕಾಯುವುದು ಯಾಕೆ ಅಂತ ಅಡ್ರೆಸ್ ಬಾರಿನಲ್ಲೇ ಎರಡಕ್ಷರ ಹೊಡೆದು, ಒಂದು ಸ್ಪೇಸ್ ಬಿಟ್ಟು ಗಿಡದ ಹೆಸರು ಟೈಪಿಸಿದರೆ ನೇರ ಉತ್ತರದ ಪುಟಕ್ಕೆ ಹೋಗುವ ಹಾಗೆ ಮಾಡಿಕೊಟ್ಟಿದ್ದೆ. ಹಾಗಾಗಿ ದೂರಿಗೆ ಉತ್ತರ ಕೊಡಬೇಕಾದವನೂ ನಾನೇ. ಮೊದಲು ಬಾಯಿಗೆ ಬಂದದ್ದು ಈ ಕಸುಬಿನ ಹಳೇ ಮಂತ್ರ: “ಕುಕಿ ಕ್ಲಿಯರ್ ಮಾಡಿ ನೋಡಿ ಸಾರ್.” ಇಂಥ ಹೊತ್ತಿನಲ್ಲಿ ಕೊಡಬಾರದ ಸಲಹೆ ಅದೇ. ಯಾಕೆ ಅನ್ನುವುದಕ್ಕೆ ಮುಂದೆ ಬರುತ್ತೇನೆ.

ಮೊದಲು ಶಾರ್ಟ್‌ಕಟ್ ಅಂದರೆ ಏನು ಅಂತ ನೋಡೋಣ. ಯಾವುದಾದರೂ ಸೈಟಿನಲ್ಲಿ ‘ಕಾಫಿ’ ಅಂತ ಹುಡುಕಿ, ಆಮೇಲೆ ಮೇಲಿನ ಅಡ್ರೆಸ್ ಬಾರ್ ನೋಡಿದರೆ ಆ ಉದ್ದ ವಿಳಾಸದ ಬಾಲದಲ್ಲಿ ನೀವು ಹುಡುಕಿದ ಪದ ಕೂತಿರುತ್ತದೆ. ಆ ಪದದ ಜಾಗದಲ್ಲಿ ಶೇಕಡಾ ಚಿಹ್ನೆ ಮತ್ತು ಇಂಗ್ಲಿಷಿನ ಎಸ್ ಅಕ್ಷರ ಇಟ್ಟು, ಆ ವಿಳಾಸಕ್ಕೆ ಒಂದು ಅಡ್ಡಹೆಸರು ಕೊಟ್ಟರೆ ಶಾರ್ಟ್‌ಕಟ್ ಸಿದ್ಧ. ಮುಂದೆ ನೀವು ಅಡ್ಡಹೆಸರಿನ ಪಕ್ಕ ಏನು ಬರೆದರೂ ಬ್ರೌಸರ್ ಅದನ್ನು ಆ ಖಾಲಿ ಜಾಗಕ್ಕೆ ತುಂಬಿ ಕಳಿಸುತ್ತದೆ. ಕ್ರೋಮ್‌ನಲ್ಲಿ ಇದು ಸೈಟ್ ಸರ್ಚ್ ಎಂಬ ಹೆಸರಿನಲ್ಲಿದೆ, ಫೈರ್‌ಫಾಕ್ಸ್‌ನಲ್ಲಿ ಕೀವರ್ಡ್ ಅನ್ನುತ್ತಾರೆ. ಅಂದಹಾಗೆ ಕನ್ನಡದ ಪದವಾದರೆ ತುಂಬುವಾಗ ಅದರ ರೂಪವೇ ಬದಲಾಗುತ್ತದೆ. ನಮ್ಮ ಕಣ್ಣಿಗೆ ಎರಡೇ ಅಕ್ಷರದ ‘ಕಾಫಿ’ ಕಂಪ್ಯೂಟರಿಗೆ ಎರಡು ವ್ಯಂಜನ, ಎರಡು ಸ್ವರಚಿಹ್ನೆ ಸೇರಿ ನಾಲ್ಕು ಸಂಕೇತ. ವಿಳಾಸದಲ್ಲಿ ಒಂದೊಂದಕ್ಕೂ 9 ಚಿಹ್ನೆ, ಒಟ್ಟು 36.

ಇದೇ ಕೆಲಸವನ್ನು ಬ್ರೌಸರಿನ ಬದಲು ಸರ್ಚ್ ಎಂಜಿನ್ನಿಂದಲೂ ಮಾಡಿಸಬಹುದು. ಡಕ್‌ಡಕ್‌ಗೋದಲ್ಲಿ ‘ಬ್ಯಾಂಗ್’ ಎಂಬ ಸೌಲಭ್ಯವಿದೆ. ಆಶ್ಚರ್ಯಸೂಚಕ ಚಿಹ್ನೆಯ ಪಕ್ಕ ಡಬ್ಲ್ಯು ಹೊಡೆದು ಪದ ಬರೆದರೆ ವಿಕಿಪೀಡಿಯ, ವೈ ಮತ್ತು ಟಿ ಹೊಡೆದರೆ ಯೂಟ್ಯೂಬ್. ಇಂಥವು ಅಲ್ಲಿ 13,000ಕ್ಕೂ ಹೆಚ್ಚಿವೆ. ಅದು ತನ್ನ ಉತ್ತರ ತೋರಿಸುವುದಿಲ್ಲ, ನಿಮ್ಮ ಪ್ರಶ್ನೆಯನ್ನು ಹೊತ್ತು ಆ ಸೈಟಿಗೇ ದಾಟಿಸುತ್ತದೆ. ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ಎರಡೂ ಬಗೆಯವು ಇದ್ದವು. ಇವೆರಡರ ನಡುವಿನ ಸಣ್ಣ ವ್ಯತ್ಯಾಸವೇ ಆಮೇಲೆ ದೊಡ್ಡದಾಗಿ ಕಾಣಿಸಿಕೊಂಡಿತು.

ಈಗ ಸೈಟಿನ ಕಡೆಯಿಂದ ನೋಡಿ. ಮುಖಪುಟದಿಂದ ಹೋದಾಗ ಬ್ರೌಸರ್ ಮೊದಲು ಪುಟ ಕೇಳುತ್ತದೆ. ಸೈಟು ಪುಟದ ಜೊತೆಗೆ ಒಂದು ಕುಕಿ, ಅಂದರೆ ಗುರುತಿನ ಚೀಟಿ, ಕೊಟ್ಟು ಕಳಿಸುತ್ತದೆ. ಹಿಂದೆಯೇ ಬ್ರೌಸರ್ ಆ ಪುಟಕ್ಕೆ ಬೇಕಾದ ಚಿತ್ರ, ಅಕ್ಷರಶೈಲಿ, ಸ್ಕ್ರಿಪ್ಟುಗಳನ್ನೆಲ್ಲ ಒಂದೊಂದಾಗಿ ತರಿಸಿಕೊಳ್ಳುತ್ತದೆ. ಸ್ಕ್ರಿಪ್ಟು ಓಡುತ್ತದೆ. ಮೌಸು ಅಲ್ಲಿ ಇಲ್ಲಿ ಅಲೆದು ಹುಡುಕುವ ಪೆಟ್ಟಿಗೆಗೆ ಬರುತ್ತದೆ. ಒಂದೊಂದೇ ಅಕ್ಷರ ಬೀಳುತ್ತದೆ, ನಡುವೆ ಒಂದು ತಪ್ಪಾಗಿ ಅಳಿಸಿ ಮತ್ತೆ ಬೀಳುತ್ತದೆ. ಕೊನೆಗೆ ಬಟನ್ ಒತ್ತಿದಾಗ ಹೋಗುವ ಕೋರಿಕೆಯಲ್ಲಿ ಆಗ ಕೊಟ್ಟ ಕುಕಿಯೂ ಇರುತ್ತದೆ, ‘ನಾನು ನಿಮ್ಮದೇ ಮುಖಪುಟದಿಂದ ಬಂದೆ’ ಎಂಬ ಸಾಲೂ ಇರುತ್ತದೆ. ಈ ಸಾಲಿಗೆ ರೆಫರರ್ ಅನ್ನುತ್ತಾರೆ. ಆ ಪದದ ಇಂಗ್ಲಿಷ್ ಸ್ಪೆಲಿಂಗು ವೆಬ್ಬಿನ ನಿಯಮಾವಳಿಗೆ ಸೇರುವಾಗಲೇ ಒಂದು ಅಕ್ಷರ ಬಿಟ್ಟುಹೋಗಿ, 1996ರ ದಾಖಲೆಯಿಂದ ಇವತ್ತಿನವರೆಗೂ ತಪ್ಪಾಗಿಯೇ ಉಳಿದಿದೆ. ಈಗ ತಿದ್ದಿದರೆ ಅರ್ಧ ಜಗತ್ತಿನ ಸೈಟು ಕೆಡುತ್ತವೆ, ಹಾಗಾಗಿ ಯಾರೂ ಮುಟ್ಟಿಲ್ಲ.

ಶಾರ್ಟ್‌ಕಟ್ಟಿನಿಂದ ಹೋದಾಗ? ಒಂದೇ ಕೋರಿಕೆ. ಹಿಂದೆ ಮುಂದೆ ಏನಿಲ್ಲ. ಮುಖಪುಟ ಮುಟ್ಟಿಲ್ಲ, ಚಿತ್ರ ತರಿಸಿಲ್ಲ, ಎಲ್ಲಿಂದ ಬಂದೆ ಅಂತ ಹೇಳುತ್ತಿಲ್ಲ, ಹಳೇ ಕುಕಿ ಅಳಿಸಿಹೋಗಿದ್ದರೆ ಚೀಟಿಯೂ ಇಲ್ಲ. ಪದ ಮಾತ್ರ ಪೂರ್ತಿಯಾಗಿ, ಒಂದೇ ಏಟಿಗೆ ಬಂದು ಬಿದ್ದಿದೆ. ಹತ್ತು ಸಾಲಿನ ಪ್ರೋಗ್ರಾಂ ಬರೆದು ಒಂದು ಸೈಟಿನ ಮಾಹಿತಿಯನ್ನೆಲ್ಲ ಬಾಚಿಕೊಳ್ಳುವ ಹುಡುಗರು ಮಾಡುವುದೂ ತದ್ವತ್ ಇದನ್ನೇ: ಹುಡುಕುವ ವಿಳಾಸದ ಬಾಲದಲ್ಲಿ ಪದ ಬದಲಾಯಿಸುತ್ತಾ ಒಂದಾದ ಮೇಲೊಂದು ಕೋರಿಕೆ ಕಳಿಸುವುದು. ಮೇಷ್ಟ್ರ ಶಾರ್ಟ್‌ಕಟ್ಟಿಗೂ ಆ ಪ್ರೋಗ್ರಾಮಿಗೂ ಮೊದಲ ನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲ.

ತೋಟದ ಲೆಕ್ಕದಲ್ಲಿ ಹೇಳಿದಾಗ ಅವರಿಗೆ ಬೇಗ ಹೊಳೆಯಿತು. ಗೇಟಿನಿಂದ ಒಳಗೆ ಬಂದವನನ್ನು ಗೇಟಿನವನು ನೋಡಿರುತ್ತಾನೆ, ನಾಯಿ ಬೊಗಳಿರುತ್ತದೆ, ತೋಟದ ಲೆಕ್ಕ ಬರೆಯುವ ರೈಟರು ಆಫೀಸಿನ ಕಿಟಕಿಯಿಂದಲೇ ಯಾರು ಏನು ಅಂತ ವಿಚಾರಿಸಿರುತ್ತಾರೆ. ಕಣದ ಹತ್ತಿರ ಬರುವ ಹೊತ್ತಿಗೆ ಅವನು ಗೊತ್ತಿರುವ ಮನುಷ್ಯ. ಅದೇ ಜನವರಿಯಲ್ಲಿ ಕಣದ ತುಂಬ ಕಾಫಿ ಒಣಹಾಕಿರುವಾಗ, ರಾತ್ರಿ ಹಳ್ಳ ದಾಟಿ ಕಾಲುದಾರಿಯಲ್ಲಿ ನೇರ ಕಣಕ್ಕೇ ಬಂದು ನಿಂತರೆ ಕಾವಲಿನವನು ಮುಖಕ್ಕೆ ಟಾರ್ಚ್ ಬಿಡದೆ ಇರುತ್ತಾನೆಯೇ? ಬಂದವನು ಪಕ್ಕದ ತೋಟದವನೇ ಇರಬಹುದು, ಬೀಡಿಗೆ ಬೆಂಕಿಪೊಟ್ಟಣ ಕೇಳಲು ಬಂದಿರಬಹುದು. ಆದರೆ ಕಳ್ಳರು ಬರುವುದೂ ಅದೇ ದಾರಿಯಲ್ಲಿ.

ಕಣ ಅಂದದ್ದು ಸುಮ್ಮನೆ ಅಲ್ಲ. ಸೈಟೊಂದರಲ್ಲಿ ಹೆಚ್ಚು ಕಾವಲಿರುವುದು ಹುಡುಕಾಟದ ಪುಟಕ್ಕೇ. ಮುಖಪುಟ ಎಲ್ಲರಿಗೂ ಒಂದೇ. ಒಂದು ಸಲ ಸಿದ್ಧ ಮಾಡಿ ಇಟ್ಟುಕೊಂಡರೆ ಸಾವಿರ ಜನಕ್ಕೆ ಅದರದೇ ನಕಲು ಬಡಿಸಬಹುದು, ಬೆಳಗ್ಗೆ ಒಮ್ಮೆ ಕಾಸಿಟ್ಟ ಹೋಟೆಲಿನ ಸಾಂಬಾರಿನ ಹಾಗೆ. ಹುಡುಕಾಟ ಹಾಗಲ್ಲ. ಪ್ರತಿಯೊಬ್ಬರ ಪದ ಬೇರೆ, ಪ್ರತಿ ಸಲವೂ ಸರ್ವರ್ ತನ್ನ ಇಡೀ ಉಗ್ರಾಣ ಜಾಲಾಡಿ ಹೊಸದಾಗಿ ಅಡುಗೆ ಮಾಡಬೇಕು. ನಿಮಿಷಕ್ಕೆ ಸಾವಿರ ಕೋರಿಕೆ ಬಿದ್ದರೆ ಮುಖಪುಟ ತಡೆದುಕೊಳ್ಳುತ್ತದೆ, ಹುಡುಕಾಟದ ಯಂತ್ರ ಕುಸಿಯುತ್ತದೆ. ಅದಕ್ಕೇ ಬಹಳ ಸೈಟುಗಳು ತಮ್ಮ ‘ರೋಬಾಟ್ಸ್’ ಕಡತದಲ್ಲಿ ಹುಡುಕಾಟದ ಪುಟಗಳಿಗೆ ಯಂತ್ರಗಳು ಬರಬಾರದು ಅಂತ ಬರೆದಿಟ್ಟಿರುತ್ತವೆ. 1994ರಲ್ಲಿ ಶುರುವಾದ ಈ ಪದ್ಧತಿ ಸಭ್ಯರಿಗೆ ಹಾಕಿದ ಬೋರ್ಡು ಅಷ್ಟೇ, ಬೇಲಿಯಲ್ಲ. ‘ಇಲ್ಲಿ ಕಸ ಹಾಕಬಾರದು’ ಅಂತ ಬರೆದ ಗೋಡೆಯ ಬುಡ ನಮ್ಮೂರಲ್ಲಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ.

ಕೆಲವು ವರ್ಷಗಳಿಂದ ಈ ಕಾಟ ಹೆಚ್ಚಾಗಿದೆ. ಕೃತಕ ಬುದ್ಧಿಮತ್ತೆಯ ಮಾದರಿಗಳಿಗೆ ಪಠ್ಯ, ಚಿತ್ರ ಉಣಿಸುವ ಸಲುವಾಗಿ ವೆಬ್ಬನ್ನು ಗುಡಿಸುವ ಬಾಟ್‌ಗಳ, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಂಗಳ, ಸಂಖ್ಯೆ ಏರಿತು. ವಿಕಿಪೀಡಿಯ ನಡೆಸುವ ವಿಕಿಮೀಡಿಯಾ ಫೌಂಡೇಶನ್ 2025ರ ಏಪ್ರಿಲ್‌ನಲ್ಲಿ ತನ್ನ ಲೆಕ್ಕ ಹೇಳಿತು: 2024ರ ಜನವರಿಯಿಂದೀಚೆಗೆ ಚಿತ್ರ, ವಿಡಿಯೋಗಳ ಡೌನ್‌ಲೋಡ್ ಭಾರ ಶೇಕಡಾ 50ರಷ್ಟು ಏರಿದೆ, ಅತಿ ದುಬಾರಿ ಎನಿಸುವ ಸಂಚಾರದಲ್ಲಿ ಶೇಕಡಾ 65 ಬಾಟ್‌ಗಳದ್ದು. ಅವರಿಗೇ ಹಾಗಾದರೆ ಒಂದು ವಿಶ್ವವಿದ್ಯಾಲಯದ ಮೂಲೆಯಲ್ಲಿ ಒಂದೆರಡು ಸರ್ವರ್ ಇಟ್ಟುಕೊಂಡು ಗಿಡಗಳ ಹೆಸರು ಕೊಡುವವರ ಪಾಡೇನು? ಅವರು ಕಾವಲಿಡುತ್ತಾರೆ. ಕಾವಲಿಗೆ ಸಿಗುವವರು ಮೊದಲು ನಮ್ಮಂಥವರು. ಇದರಲ್ಲಿ ಸೈಟಿನವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ.

ಇನ್ನು ಆ ಪರೀಕ್ಷೆಯ ವಿಚಾರ. ಕ್ಯಾಪ್ಚಾ ಎಂಬ ಹೆಸರು ಚಾಲ್ತಿಗೆ ಬಂದದ್ದು 2000ದ ದಶಕದ ಆರಂಭದಲ್ಲಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿಸ್ ವಾನ್ ಆನ್ ಮತ್ತು ಸಂಗಡಿಗರಿಂದ. ಮನುಷ್ಯನಿಗೆ ಸುಲಭ, ಯಂತ್ರಕ್ಕೆ ಕಷ್ಟ ಅನ್ನುವ ಪ್ರಶ್ನೆ ಕೇಳು, ಉತ್ತರ ನೋಡಿ ಬಾಗಿಲು ತೆಗೆ ಅನ್ನುವುದು ಮೂಲ ಉಪಾಯ. ಮೊದಲು ತಿರುಚಿದ ಅಕ್ಷರ ಬಂದವು. 2007ರ ರೀಕ್ಯಾಪ್ಚಾ ಇನ್ನೊಂದು ಹೆಜ್ಜೆ ಹೋಗಿ, ಸ್ಕ್ಯಾನ್ ಮಾಡಿದ ಹಳೇ ಪುಸ್ತಕ, ಪತ್ರಿಕೆಗಳಲ್ಲಿ ಯಂತ್ರಕ್ಕೆ ಓದಲಾಗದ ಪದಗಳನ್ನು ಜನರಿಂದಲೇ ಓದಿಸಿಕೊಂಡಿತು. 2009ರಲ್ಲಿ ಗೂಗಲ್ ಅದನ್ನು ಕೊಂಡಿತು. 2014ರ ಕೊನೆಗೆ ‘ನಾನು ರೋಬಾಟ್ ಅಲ್ಲ’ ಎಂಬ ಟಿಕ್ ಪೆಟ್ಟಿಗೆ ಬಂತು, ಅನುಮಾನ ಬಂದವರಿಗೆ ಚಿತ್ರಗಳು.

ಆ ಚಿತ್ರಗಳ ಬಗ್ಗೆ ಒಂದು ಮಾತು. ಬೆಂಕಿ ಆರಿಸುವವರು ನೀರು ಹಿಡಿಯುವ, ರಸ್ತೆ ಬದಿಯ ಕೆಂಪು ಫೈರ್ ಹೈಡ್ರಂಟನ್ನು ನಾನು ಕಂಡದ್ದೇ ಕ್ಯಾಪ್ಚಾದಲ್ಲಿ. ಐ.ಜಿ. ರಸ್ತೆಯಲ್ಲೂ ಇಲ್ಲ, ಎಂ.ಜಿ. ರಸ್ತೆಯಲ್ಲೂ ಇಲ್ಲ. ಪಾರ್ಕಿಂಗ್ ಮೀಟರೂ ಹಾಗೆಯೇ. ಅಮೆರಿಕದ ಒಂದು ಬೀದಿ ಗೊತ್ತಿಲ್ಲದವನು ಮನುಷ್ಯನೇ ಅಲ್ಲ ಎಂಬ ಹಾಗಿದೆ ಇದು. ಸಿಗ್ನಲ್ ದೀಪ ಆರಿಸಿ ಅಂದಾಗ ಕಂಬವನ್ನೂ ಸೇರಿಸಬೇಕೋ ಬೇಡವೋ ಅನ್ನುವ ಜಿಜ್ಞಾಸೆಯಂತೂ ಸಾರ್ವಕಾಲಿಕ.

ಆದರೆ ಒಳಗುಟ್ಟು ಬೇರೆಯೇ ಇದೆ. ಚಿತ್ರ ಗುರುತಿಸುವುದರಲ್ಲಿ ಯಂತ್ರಗಳು ಈಗ ನಮ್ಮನ್ನು ಮೀರಿಸಿವೆ. 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯವರ ನೇತೃತ್ವದ ಅಧ್ಯಯನವೊಂದು, ಕ್ಯಾಪ್ಚಾ ಬಿಡಿಸುವುದರಲ್ಲಿ ಬಾಟ್‌ಗಳು ಮನುಷ್ಯರಿಗಿಂತ ಚುರುಕು ಎಂದು ತೋರಿಸಿತು. 2024ರಲ್ಲಿ ಜ್ಯೂರಿಕ್‌ನ ಇ.ಟಿ.ಎಚ್. ಸಂಶೋಧಕರು ರೀಕ್ಯಾಪ್ಚಾದ ಚಿತ್ರಗಳನ್ನು ಯಂತ್ರದಿಂದ ನೂರಕ್ಕೆ ನೂರು ಬಿಡಿಸಿ ತೋರಿಸಿದರು. ಹಾಗಾದರೆ ಬಸ್ಸು ಗುರುತಿಸುವುದರಿಂದ ಏನು ಗೊತ್ತಾಗುತ್ತದೆ? ಬಸ್ಸಿನಿಂದ ಹೆಚ್ಚೇನಿಲ್ಲ. ನಿಜವಾದ ತನಿಖೆ ನಿಮಗೆ ಕಾಣದ ಹಾಗೆ ನಡೆದಿರುತ್ತದೆ: ಮೌಸು ಹೇಗೆ ಓಡಿತು, ಯಾವ ಬ್ರೌಸರ್, ಕುಕಿ ಇದೆಯೇ, ಎಲ್ಲಿಂದ ಬಂದಿರಿ, ನಿಮ್ಮ ಇಂಟರ್‌ನೆಟ್ ವಿಳಾಸದಿಂದ ಹಿಂದೆ ಏನೇನು ಬಂದಿದೆ. ಇದನ್ನೆಲ್ಲ ಕೂಡಿ ಅಂಕ ಹಾಕುತ್ತಾರೆ. 2018ರ ರೀಕ್ಯಾಪ್ಚಾ ಮೂರನೇ ಆವೃತ್ತಿಯಲ್ಲಿ ಪ್ರಶ್ನೆಯೇ ಇಲ್ಲ, 0.0ಯಿಂದ 1.0ರವರೆಗೆ ಅಂಕ ಮಾತ್ರ. ಸೈಟುಗಳಿಗೆ ಕಾವಲು ಒದಗಿಸುವ ಕ್ಲೌಡ್‌ಫ್ಲೇರ್ ಕಂಪನಿ 2022ರಲ್ಲಿ ತಂದ ಟರ್ನ್‌ಸ್ಟೈಲ್ ಎಂಬ ಪರೀಕ್ಷೆಯಲ್ಲೂ ಚಿತ್ರದ ಒಗಟಿಲ್ಲ. ಬಸ್ಸಿನ ಚಿತ್ರ ನಿಮ್ಮ ಮುಂದೆ ಬಂತು ಅಂದರೆ ಅಂಕ ಆಗಲೇ ಕಡಿಮೆ ಬಿದ್ದಾಗಿದೆ. ಮೇಷ್ಟ್ರು ಸರಿಯಾಗಿ ಒತ್ತಿದ ಮೇಲೂ ‘ಮತ್ತೊಮ್ಮೆ’ ಅಂತ ಬರುತ್ತಿದ್ದುದು ಅದಕ್ಕೇ.

ಒಂದು ಸಲ ಕೇಳುವುದು ಸರಿ. ಪಾಸಾದ ಮೇಲೂ ಪ್ರತಿ ಸಲ ಯಾಕೆ ಎನ್ನುವುದು ಅವರ ನಿಜವಾದ ಪ್ರಶ್ನೆ. ಅಲ್ಲಿಗೆ ಬರೋಣ.

ಪರೀಕ್ಷೆ ಪಾಸಾದರೆ ಸೈಟು ಒಂದು ಪಾಸ್ ಕೊಡುತ್ತದೆ. ಅದೂ ಕುಕಿಯೇ. ಅದಕ್ಕೆ ಅವಧಿ ಇರುತ್ತದೆ, ಕ್ಲೌಡ್‌ಫ್ಲೇರ್‌ನಲ್ಲಿ ಸೈಟಿನವರು ಬದಲಿಸದಿದ್ದರೆ 30 ನಿಮಿಷ. ಆ ಅವಧಿಯೊಳಗೆ ಪಾಸ್ ತೋರಿಸಿದರೆ ಮತ್ತೆ ಕೇಳುವುದಿಲ್ಲ. ಹಾಗಾದರೆ ಮೇಷ್ಟ್ರ ಪಾಸ್ ಎಲ್ಲಿ ಹೋಗುತ್ತಿತ್ತು? ಲ್ಯಾಪ್‌ಟಾಪ್ ತೆರೆದು ಕೂತಾಗ ಒಂದಲ್ಲ, ನಾಲ್ಕು ಕಡೆ ಸೋರಿಕೆ ಸಿಕ್ಕಿತು.

ಮೊದಲನೆಯದು ನನ್ನದೇ ಕೈವಾಡ. ಹಿಂದಿನ ವರ್ಷ ಸರ್ವಿಸಿಗೆ ಬಂದಾಗ ಅವರ ಬ್ರೌಸರನ್ನು ‘ಮುಚ್ಚಿದಾಗ ಕುಕಿಗಳನ್ನೆಲ್ಲ ಅಳಿಸು’ ಅಂತ ಹೊಂದಿಸಿ, ಭದ್ರವಾಗಿದೆ ಸಾರ್ ಅಂತ ಬೀಗಿದ್ದೆ. ಅವರೋ ಒಂದು ಹೆಸರು ನೋಡಿ ಬ್ರೌಸರ್ ಮುಚ್ಚಿ, ಪುಸ್ತಕ ತಿರುವಿ, ಹತ್ತು ನಿಮಿಷ ಬಿಟ್ಟು ಮತ್ತೆ ತೆರೆಯುವವರು. ಪ್ರತಿ ಸಲವೂ ಪಾಸ್ ಹರಿದು ಬಿಸಾಕಿ ಹೊಸಬರಾಗಿ ಹೋಗುತ್ತಿದ್ದರು. ಮುಚ್ಚಿದೊಡನೆ ಎಲ್ಲ ಮರೆಯುವ ಇನ್‌ಕಾಗ್ನಿಟೊ ಕಿಟಕಿಯ ಕತೆಯೂ ಇದೇ. ಕುಕಿ ಕ್ಲಿಯರ್ ಮಾಡಿ ಎಂಬ ಸಲಹೆ ಇಲ್ಲಿ ಉರಿಯುವ ಒಲೆಗೆ ಸೌದೆ.

ಎರಡನೆಯದು ಸೂಕ್ಷ್ಮ. ಕುಕಿಗಳಲ್ಲಿ ಕೆಲವಕ್ಕೆ ‘ಸ್ಟ್ರಿಕ್ಟ್’ ಎಂಬ ಮುದ್ರೆ ಇರುತ್ತದೆ. ಅಂಥ ಕುಕಿ ನೀವು ನೇರವಾಗಿ ಹೋದರೆ ಮಾತ್ರ ಜೊತೆಗೆ ಬರುತ್ತದೆ. ಇನ್ನೊಂದು ಸೈಟಿನ ಮೂಲಕ ದಾಟಿ ಬಂದರೆ ಬ್ರೌಸರ್ ಅದನ್ನು ಕಳಿಸುವುದೇ ಇಲ್ಲ. ಬೇರೆ ಸೈಟಿನವರು ನಿಮ್ಮ ಹೆಸರಿನಲ್ಲಿ ಕಿತಾಪತಿ ಮಾಡಬಾರದು ಅಂತ ಇರುವ ರಕ್ಷಣೆ ಅದು, ಒಳ್ಳೆಯದೇ. ಆದರೆ ಬ್ಯಾಂಗ್ ಬಳಸಿದಾಗ ನೀವು ಸರ್ಚ್ ಎಂಜಿನ್ನಿನ ಕೈಹಿಡಿದು ಬಂದ ಹಾಗೆ. ಸೈಟು ತನ್ನ ಪಾಸಿಗೆ ಸ್ಟ್ರಿಕ್ಟ್ ಮುದ್ರೆ ಒತ್ತಿದ್ದರೆ, ಪಾಸ್ ಜೇಬಿನಲ್ಲಿದ್ದೂ ಗೇಟಿನಲ್ಲಿ ತೋರಿಸಲಾಗದ ಪರಿಸ್ಥಿತಿ. ಬ್ರೌಸರಿನದೇ ಕೀವರ್ಡ್ ಬಳಸಿದರೆ ನಡುವೆ ಯಾರೂ ಇಲ್ಲ, ವಿಳಾಸವನ್ನು ನೀವೇ ಟೈಪಿಸಿದ ಲೆಕ್ಕ, ಪಾಸ್ ಜೊತೆಗೇ ಹೋಗುತ್ತದೆ. ಬ್ಯಾಂಗಿಗಿಂತ ಕೀವರ್ಡ್ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಮೂರನೆಯದು ಪೂರ್ತಿ ಮಲೆನಾಡಿನದು. ಆಷಾಢದಲ್ಲಿ ನಮ್ಮಲ್ಲಿ ಗಾಳಿ ಬೀಸಿದರೆ ಕರೆಂಟು ಹೋಗುತ್ತದೆ. ಕರೆಂಟು ಹೋದರೆ ರೌಟರ್ ಸತ್ತಿತು. ಮೇಷ್ಟ್ರು ಮೊಬೈಲ್ ಹಾಟ್‌ಸ್ಪಾಟಿಗೆ ಬದಲಾಯಿಸುತ್ತಾರೆ. ಕರೆಂಟು ಬಂದ ಮೇಲೆ ಮತ್ತೆ ವೈಫೈ. ಪ್ರತಿ ಬದಲಾವಣೆಯಲ್ಲೂ ಹೊರಗಿನವರಿಗೆ ಕಾಣುವ ಅವರ ಐಪಿ ವಿಳಾಸ, ಅಂದರೆ ಇಂಟರ್‌ನೆಟ್ ವಿಳಾಸ, ಬೇರೆಯಾಗುತ್ತದೆ. ಹಲವು ಸೈಟುಗಳು ಪಾಸನ್ನು ಐಪಿ ವಿಳಾಸಕ್ಕೂ ಬ್ರೌಸರಿನ ಗುರುತಿಗೂ ಕಟ್ಟಿಹಾಕಿರುತ್ತವೆ. ಒಬ್ಬ ಮನುಷ್ಯ ಬಿಡಿಸಿದ ಪಾಸನ್ನು ನೂರು ಯಂತ್ರಗಳಿಗೆ ಹಂಚಬಾರದು ಅಂತ. ವಿಳಾಸ ಬದಲಾದರೆ ಪಾಸ್ ರದ್ದು. ನೋಟ್‌ಬುಕ್ಕಿನ ಒಂದು ಸಾಲಿನ ಪಕ್ಕ ಅವರೇ ‘ಕರೆಂಟ್ ಹೋಗಿ ಬಂತು’ ಅಂತ ಬರೆದುಕೊಂಡಿದ್ದರು. ಅದು ತನಗೆ ಸಂಬಂಧಪಟ್ಟದ್ದಲ್ಲ ಅಂದುಕೊಂಡೇ ಬರೆದದ್ದು, ಹಳೇ ಪ್ರಯೋಗಾಲಯದ ಶಿಸ್ತು.

ನಾಲ್ಕನೆಯದಕ್ಕೆ ಮನೆಯಲ್ಲಿ ಕೂತು ಮಾಡುವಂಥದ್ದು ಹೆಚ್ಚಿಲ್ಲ. ಐಪಿ ವಿಳಾಸಗಳ ಹಳೇ ವ್ಯವಸ್ಥೆಯಲ್ಲಿ ಒಟ್ಟು ಇರುವುದೇ ಸುಮಾರು 430 ಕೋಟಿ ವಿಳಾಸ. ಏಷ್ಯಾ ಪೆಸಿಫಿಕ್ ವಲಯದ ಮುಕ್ತ ದಾಸ್ತಾನು 2011ರ ಏಪ್ರಿಲ್‌ನಲ್ಲೇ ತಳ ಕಂಡಿತು. ಹಾಗಾಗಿ ಇಂಟರ್‌ನೆಟ್ ಕೊಡುವ ಕಂಪನಿಗಳು ಒಂದು ಸಾರ್ವಜನಿಕ ವಿಳಾಸದ ಹಿಂದೆ ಬಹಳ ಮನೆಗಳನ್ನು ಕೂಡಿಸುತ್ತವೆ. ಒಂದು ವಿಳಾಸಕ್ಕೆ 65,536 ಪೋರ್ಟ್, ಅಂದರೆ ಸಂಪರ್ಕಗಳಿಗೆ ಕೊಡುವ ಬಾಗಿಲ ಸಂಖ್ಯೆ. ಮನೆಗೆ ಸಾವಿರದಂತೆ ಹಂಚಿದರೂ 65 ಮನೆ ಒಂದೇ ಹೆಸರಿನಲ್ಲಿ ಓಡಾಡಿದ ಹಾಗೆ. ಅದರಲ್ಲಿ ಯಾವುದೋ ಒಂದು ಮನೆಯ ಹಳೇ ಟಿವಿ ಬಾಕ್ಸಿಗೆ ವೈರಸ್ ಹಿಡಿದು ಅದು ಹಗಲಿರುಳು ಕೋರಿಕೆ ಕಳಿಸುತ್ತಿದ್ದರೆ ಉಳಿದ 64 ಮನೆಗೂ ಅನುಮಾನದ ಕಣ್ಣು. ಚಾರ್ಮಾಡಿ ಇಳಿಯುವ ಮೊದಲು ಕೊಟ್ಟಿಗೆಹಾರದಲ್ಲಿ ಒಬ್ಬನ ಚೀಲದ ಸಲುವಾಗಿ ಇಡೀ ಬಸ್ಸನ್ನು ಇಳಿಸಿ ನಿಲ್ಲಿಸಿದರೆ ಹೇಗೋ ಹಾಗೆ. ನಿಮ್ಮದೂ ಇಂಥ ಬಸ್ಸೇ ಅಂತ ತಿಳಿಯಬೇಕಾದರೆ ರೌಟರಿನ ಪುಟದಲ್ಲಿ ವ್ಯಾನ್ (ಡಬ್ಲ್ಯು-ಎ-ಎನ್) ವಿಳಾಸ, ಅಂದರೆ ರೌಟರಿನ ಹೊರಗಿನ ಕಡೆಯ ವಿಳಾಸ, ನೋಡಿ. ಅದು 100.64ರಿಂದ 100.127ರ ನಡುವಿನ ಅಂಕಿಯಲ್ಲಿ ಶುರುವಾದರೆ ಹೌದು. 2012ರಲ್ಲಿ ಈ ಗುಂಪನ್ನು ಇದಕ್ಕೆಂದೇ ಮೀಸಲಿಟ್ಟಿದ್ದಾರೆ. ಐಪಿವಿ6 ಎಂಬ ಹೊಸ ವ್ಯವಸ್ಥೆಯಲ್ಲಿ ವಿಳಾಸಗಳಿಗೆ ಬರವಿಲ್ಲ. ರೌಟರಿನಲ್ಲಿ ಅದು ಆಫ್ ಆಗಿದ್ದರೆ ಆನ್ ಮಾಡಿಸಿ, ಆ ಸೈಟೂ ಅದನ್ನು ಬೆಂಬಲಿಸುತ್ತಿದ್ದರೆ ಹಂಚಿಕೊಂಡ ವಿಳಾಸದ ಕಾಟ ಇಳಿಯುತ್ತದೆ. ನಿಮ್ಮ ಕೋರಿಕೆಗಳನ್ನು ಇನ್ನೊಬ್ಬರ ಸರ್ವರಿನ ಮೂಲಕ ಹಾಯಿಸುವ ಪುಕ್ಕಟೆ ವಿಪಿಎನ್ ಹಾಕಿಕೊಂಡರೆ ಮಾತ್ರ 65 ಜನರ ಬಸ್ಸಿನಿಂದ ಇಳಿದು ಸಾವಿರಾರು ಜನರ ರೈಲು ಹತ್ತಿದಂತೆ.

ಇವಲ್ಲದೆ ಇನ್ನೊಂದು ಸಂಗತಿ ನನಗೂ ಆವತ್ತೇ ತಲೆಗೆ ಹೋದದ್ದು. ಕೆಲವು ಸೈಟುಗಳು ಬ್ರೌಸರಿಗೆ ತಮ್ಮನ್ನು ತಾವೇ ಸರ್ಚ್ ಎಂಜಿನ್ನಾಗಿ ಪರಿಚಯಿಸಿಕೊಳ್ಳುತ್ತವೆ. 2005ರಲ್ಲಿ ಅಮೆಜಾನ್‌ನ ಎ9 ಎಂಬ ಹುಡುಕಾಟದ ಕಂಪನಿ ತಂದ ಓಪನ್‌ಸರ್ಚ್ ಎಂಬ ಪದ್ಧತಿ ಇದಕ್ಕೆ ಆಧಾರ. ಅಂಥ ಎಂಜಿನ್ನನ್ನು ಸೇರಿಸಿಕೊಂಡಾಗ ಟೈಪಿಸುತ್ತಿದ್ದಂತೆ ಸಲಹೆ ತೋರಿಸುವ ಸೌಲಭ್ಯವೂ ಬರಬಹುದು. ಸಲಹೆ ಎಲ್ಲಿಂದ ಬರುತ್ತದೆ? ಆ ಸೈಟಿನಿಂದಲೇ. ಅಂದರೆ ನೀವು ಎಂಟರ್ ಒತ್ತುವ ಮೊದಲೇ ಅಕ್ಷರಕ್ಕೊಂದರಂತೆ ಕೋರಿಕೆ ಹೋಗುತ್ತಿರುತ್ತದೆ. ಇಪ್ಪತ್ತಕ್ಷರದ ಲ್ಯಾಟಿನ್ ಹೆಸರನ್ನು ಮೇಷ್ಟ್ರು ನಿಧಾನಕ್ಕೆ ಟೈಪಿಸಿದರೆ ಸೈಟಿಗೆ ಒಂದೇ ಉಸಿರಿನಲ್ಲಿ ಇಪ್ಪತ್ತು ಸಲ ಬಾಗಿಲು ಬಡಿದ ಸದ್ದು. ಅವರ ಬ್ರೌಸರಿನಲ್ಲಿ ಇದು ಆನ್ ಇತ್ತು.

ಆವತ್ತು ಮಾಡಿದ್ದು ಇಷ್ಟು. ಕುಕಿ ಅಳಿಸುವ ಸೆಟ್ಟಿಂಗನ್ನು ಪೂರ್ತಿ ತೆಗೆಯಲಿಲ್ಲ, ಅವರು ಹೆಚ್ಚು ಬಳಸುವ ಮೂರು ಸೈಟುಗಳಿಗೆ ಮಾತ್ರ ವಿನಾಯಿತಿ ಕೊಟ್ಟೆ. ಬ್ಯಾಂಗ್ ಬದಲು ಬ್ರೌಸರಿನ ಕೀವರ್ಡ್ ಮಾಡಿದೆ. ಹಾಗೆ ಮಾಡುವಾಗ ಹಳೇ ಶಾರ್ಟ್‌ಕಟ್ಟಿನ ವಿಳಾಸವನ್ನು ನಕಲು ಮಾಡಲಿಲ್ಲ, ಸೈಟಿನಲ್ಲಿ ಈಗ ಹುಡುಕಿದಾಗ ಬರುವ ವಿಳಾಸವನ್ನೇ ತೆಗೆದುಕೊಂಡೆ. ಸೈಟು ತನ್ನ ವಿಳಾಸದ ರೂಪ ಬದಲಿಸಿದ್ದರೆ ಹಳೇ ಶಾರ್ಟ್‌ಕಟ್ ಮೂಲೆ ಮೂಲೆ ತಿರುಗಿಸಿ ಒಳಗೆ ಬಿಡುತ್ತದೆ, ಆ ತಿರುವಿನಲ್ಲಿ ಕೆಲವೊಮ್ಮೆ ಹುಡುಕಿದ ಪದವೇ ಬಿದ್ದುಹೋಗುತ್ತದೆ. ಸಲಹೆ ತೋರಿಸುವುದನ್ನು ಆಫ್ ಮಾಡಿದೆ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಆ ಸೈಟಿನ ಪರೀಕ್ಷೆಯ ಸ್ಕ್ರಿಪ್ಟನ್ನೇ ತಡೆಯುತ್ತಿಲ್ಲ ಅಂತ ನೋಡಿಕೊಂಡೆ. ಕಂಪ್ಯೂಟರಿನ ಗಡಿಯಾರ ಸರಿಯಿತ್ತು. ತಪ್ಪಿದ್ದರೆ ಅದೂ ಒಂದು ಕಾರಣವಾಗುತ್ತದೆ. ರೌಟರಿಗೆ ಸಣ್ಣ ಯುಪಿಎಸ್ ಹಾಕಿಸಿದರು, ಅದು ಮಾತ್ರ ಖರ್ಚಿನ ಬಾಬತ್ತು. ಬೆಳಗ್ಗೆ ಕೆಲಸಕ್ಕೆ ಕೂತಾಗ ಮೊದಲ ಸಲ ಮುಖಪುಟದಿಂದಲೇ ಹೋಗಿ, ರೈಟರ ಮುಂದೆ ಮುಖ ತೋರಿಸಿ, ಆಮೇಲೆ ಕಾಲುದಾರಿ ಹಿಡಿಯಿರಿ ಅಂದೆ.

ಇದ್ಯಾವುದೂ ಬೇಡ ಅನ್ನುವವರಿಗೆ ಒಂದು ಬಳಸುದಾರಿ ಇದೆ. ಸರ್ಚ್ ಎಂಜಿನ್ನಿನಲ್ಲಿ ಇಂಗ್ಲಿಷಿನಲ್ಲಿ ‘ಸೈಟ್’ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಆ ಸೈಟಿನ ಹೆಸರು, ಆಮೇಲೆ ನಿಮ್ಮ ಪದ. ಆಗ ಹುಡುಕಾಟ ನಡೆಯುವುದು ಸರ್ಚ್ ಎಂಜಿನ್ನಿನ ಸ್ವಂತ ಉಗ್ರಾಣದಲ್ಲಿ, ಸೈಟಿನ ಕಣದಲ್ಲಲ್ಲ. ನಿನ್ನೆ ಸೇರಿಸಿದ ಪುಟ ಅದರಲ್ಲಿ ಸಿಗದಿರಬಹುದು, ಉಳಿದದ್ದಕ್ಕೆ ಸಾಕು. ಕ್ಯಾಪ್ಚಾವನ್ನು ತಾನಾಗಿ ಬಿಡಿಸಿಕೊಡುತ್ತೇನೆ ಅನ್ನುವ ಎಕ್ಸ್‌ಟೆನ್ಶನ್ ಹಾಕಿಕೊಳ್ಳಬೇಡಿ, ಅವಕ್ಕೆ ನಿಮ್ಮ ಪ್ರತಿ ಪುಟವನ್ನೂ ಓದುವ ಅನುಮತಿ ಕೊಟ್ಟಿರುತ್ತೀರಿ. ಇನ್ನೊಂದಿದೆ, ಇದನ್ನು ಮನೆಯವರಿಗೆಲ್ಲ ಹೇಳಿ: ‘ಮನುಷ್ಯ ಅಂತ ಸಾಬೀತುಪಡಿಸಲು ವಿಂಡೋಸ್ ಕೀ ಮತ್ತು ಆರ್ ಒತ್ತಿ, ಪೇಸ್ಟ್ ಮಾಡಿ, ಎಂಟರ್ ಹೊಡೆಯಿರಿ’ ಅನ್ನುವ ಪುಟ ಬಂದರೆ ಅದು ಕ್ಯಾಪ್ಚಾ ಅಲ್ಲ. ನಿಮ್ಮ ಕೈಯಿಂದಲೇ ನಿಮ್ಮ ಕಂಪ್ಯೂಟರಿಗೆ ಕಳ್ಳ ಸಾಫ್ಟ್‌ವೇರ್ ಹಾಕಿಸುವ ಮೋಸ. ದಿನಾ ಬಸ್ಸು, ಸೇತುವೆ ಒತ್ತಿ ಒತ್ತಿ ಬೇಸತ್ತ ಕೈ ಇದನ್ನೂ ಯೋಚಿಸದೆ ಮಾಡಿಬಿಡುತ್ತದೆ. ಹಾಗೆ ಮಾಡಿಕೊಂಡ ಲ್ಯಾಪ್‌ಟಾಪುಗಳೂ ನನ್ನ ಟೇಬಲ್ಲಿಗೆ ಬಂದಿವೆ.

ಎರಡು ವಾರ ಬಿಟ್ಟು ಮೇಷ್ಟ್ರು ಮತ್ತೆ ಬಂದರು. ನೋಟ್‌ಬುಕ್ಕಿನಲ್ಲಿ ಮೂರನೇ ಕಾಲಂ ಸೇರಿತ್ತು. ಹತ್ತು ಸಾಲಿನಲ್ಲಿ ಒಂಬತ್ತು ಸೊನ್ನೆ. ಹತ್ತನೆಯದರಲ್ಲಿ ಉದ್ದ ಟಿಪ್ಪಣಿ.

“ಇದೊಂದು ಮಾತ್ರ ಪಾಸಾಗ್ಲಿಲ್ಲ ಮಾರಾಯ. ಪಾಮ್ ಮರ ಇರೋ ಚೌಕ ಎಲ್ಲ ಒತ್ತಿ ಅಂತು. ಮೂರು ಸರಿಯಾದ ಪಾಮು. ನಾಲ್ಕನೇದು ಸೈಕಾಸ್. ನಾನು ಒತ್ಲಿಲ್ಲ.”

“ಅದೂ ಹಾಗೇ ಕಾಣುತ್ತಲ್ಲ ಸಾರ್, ಒತ್ತಿಬಿಡೋದಲ್ವಾ? ಹೆಚ್ಚು ಜನ ಏನು ಒತ್ತಿರ್ತಾರೋ ಅದನ್ನೇ ಸರಿ ಅಂದುಕೊಳ್ಳುತ್ತೆ ಅದು.”

ಅವರು ಕನ್ನಡಕದ ಮೇಲಿಂದ ನೋಡಿದರು. “ಸೈಕಾಸಿಗೆ ಹೂವೇ ಬಿಡಲ್ಲ ಕಣಯ್ಯ. ಪಾಮ್ ಹೂ ಬಿಡೋ ಜಾತಿ. ಜನ ಒತ್ತಿದ್ರು ಅಂತ ನಾನೂ ಒತ್ಲಾ?”